ಒಂದು ದಿನದ ಬಾಡಿಗೆ, ಬಹುಕಾಲದ ಹಕ್ಕು: ಛಾಯಾಚಿತ್ರದ ನ್ಯಾಯಬೆಲೆ ಯಾವುದು?

ಹಾಸನ: ದಶಕಗಳ ಕಾಲ ನೆನೆಗುದಿಗೆ ಬಿದ್ದಿದ್ದ ವಿಮಾನ ನಿಲ್ದಾಣ ಯೋಜನೆಯಿಂದಾಗಿ ನಗರಕ್ಕೆ ಸಮೀಪದ ಬೂವನಹಳ್ಳಿಯ ಹೆಸರು ರಾಜ್ಯದ ಓದುಗರಿಗೆಲ್ಲ ಪರಿಚಿತವಾಗಿದೆ. ಇತ್ತ 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು ಹಾಗೂ ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರ್ಪಡೆಯಾದವು. ಸಕಲೇಶಪುರದ ಕಡೆ ಕಾಫಿ ತೋಟಗಳ ನಡುವಿನ ಹೋಂ ಸ್ಟೇಗಳು ಪ್ರವಾಸಿಗರನ್ನು ಸೆಳೆಯುತ್ತಿವೆ. ನಿವೇಶನ ಮಾರುವವರಿಗೆ, ಹೋಟೆಲ್ ನಡೆಸುವವರಿಗೆ, ಕಾಫಿ ಪುಡಿಯ ಪೊಟ್ಟಣಕ್ಕೆ ಹೊಸ ಹೆಸರಿಟ್ಟವರಿಗೆ, ಎಲ್ಲರಿಗೂ ಈಗ ಬೇಕಾಗಿರುವುದು ಒಳ್ಳೆಯ ಚಿತ್ರಗಳು.

ಚಿತ್ರ ತೆಗೆಯುವವರಿಗೆ ಕೊರತೆಯಿಲ್ಲ. ಮದುವೆ, ಗೃಹಪ್ರವೇಶ, ನಾಮಕರಣಗಳಲ್ಲಿ ಕೈ ಪಳಗಿಸಿಕೊಂಡ ನೂರಾರು ಯುವಕರು ಜಿಲ್ಲೆಯ ತಾಲ್ಲೂಕು ಕೇಂದ್ರಗಳಲ್ಲಿದ್ದಾರೆ. ಕೊರತೆಯಿರುವುದು ಬೆಲೆ ಕಟ್ಟುವ ವಿಧಾನಕ್ಕೆ. "ದಿನಕ್ಕೆ ಎಷ್ಟು?" ಎಂದು ಗ್ರಾಹಕ ಕೇಳುತ್ತಾನೆ, ಛಾಯಾಗ್ರಾಹಕ ಒಂದು ಅಂಕಿ ಹೇಳುತ್ತಾನೆ, ಸ್ವಲ್ಪ ಚೌಕಾಸಿಯ ನಂತರ ಮಾತು ಮುಗಿಯುತ್ತದೆ. ಆ ಚಿತ್ರ ಎಲ್ಲಿ, ಎಷ್ಟು ಕಾಲ ಬಳಕೆಯಾಗುತ್ತದೆ, ಅದರ ಒಡೆಯ ಯಾರು ಎಂಬ ಪ್ರಶ್ನೆಯನ್ನು ಇಬ್ಬರೂ ಎತ್ತುವುದಿಲ್ಲ. ಆದರೆ ಅವರು ಎತ್ತದ ಪ್ರಶ್ನೆಗೆ ಕಾನೂನು ಮೊದಲೇ ಉತ್ತರ ಬರೆದಿಟ್ಟಿದೆ. ಆ ಉತ್ತರ ಛಾಯಾಗ್ರಾಹಕನ ಪರವಾಗಿಲ್ಲ.

ಮದುವೆಯ ಅಳತೆಗೋಲು

ಮದುವೆಯ ಛಾಯಾಗ್ರಹಣಕ್ಕೂ ವಾಣಿಜ್ಯ ಛಾಯಾಗ್ರಹಣಕ್ಕೂ ಕ್ಯಾಮೆರಾ ಒಂದೇ, ಕಣ್ಣು ಒಂದೇ. ವ್ಯತ್ಯಾಸವಿರುವುದು ಚಿತ್ರದ ಮುಂದಿನ ಬದುಕಿನಲ್ಲಿ. ಮದುವೆಯ ಚಿತ್ರ ಆಲ್ಬಂ ಸೇರುತ್ತದೆ. ಅದನ್ನು ನೋಡುವವರು ಮನೆಯವರು, ನೆಂಟರಿಷ್ಟರು. ಆ ಚಿತ್ರದಿಂದ ಯಾರೂ ಹಣ ಸಂಪಾದಿಸುವುದಿಲ್ಲ. ಆದ್ದರಿಂದ ಅಲ್ಲಿ ದಿನದ ಲೆಕ್ಕ, ಆಲ್ಬಂ ಪುಟಗಳ ಲೆಕ್ಕ ಸಮಂಜಸವೇ ಆಗಿದೆ.

ಬಡಾವಣೆಯೊಂದರ ಜಾಹೀರಾತು ಚಿತ್ರದ ಸಂಗತಿ ಹಾಗಲ್ಲ. ಅದು ಹೆದ್ದಾರಿಯ ಬದಿಯ ಫಲಕವಾಗುತ್ತದೆ, ಕೈಪಿಡಿಯಾಗುತ್ತದೆ, ಪತ್ರಿಕೆಯ ಅರ್ಧ ಪುಟವಾಗುತ್ತದೆ, ಮೊಬೈಲ್ ಪರದೆಯ ಮೇಲೆ ತಿಂಗಳುಗಟ್ಟಲೆ ಓಡಾಡುತ್ತದೆ. ಒಂದು ಬೆಳಗಿನ ಕೆಲಸ ಮೂರು ವರ್ಷ ವ್ಯಾಪಾರ ತಂದುಕೊಡಬಹುದು. ಇಂಥ ಚಿತ್ರಕ್ಕೆ ದಿನದ ಬಾಡಿಗೆಯನ್ನಷ್ಟೇ ಕಟ್ಟುವುದೆಂದರೆ, ತೋಟದ ಬೆಲೆಯನ್ನು ಗುಂಡಿ ತೋಡಿದವನ ಕೂಲಿಯಿಂದ ನಿರ್ಧರಿಸಿದಂತೆ.

ಸ್ವತಂತ್ರ ಛಾಯಾಗ್ರಹಣ ಕರ್ನಾಟಕಕ್ಕೆ ಹೊಸದೇನೂ ಅಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923-2009) ಪತ್ರಿಕಾ ನೌಕರಿಯಿಂದ ಹೊರಬಂದು 'ಲೈಫ್' ನಿಯತಕಾಲಿಕ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್‌ಗಳಿಗೆ ಕೆಲಸ ಮಾಡಿ ಅಂತರರಾಷ್ಟ್ರೀಯ ಮನ್ನಣೆ ಗಳಿಸಿದರು. ಅವರ ತಲೆಮಾರಿನ ಛಾಯಾಗ್ರಾಹಕರೇ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಚಿತ್ರದ ಒಡೆತನದ ಪ್ರಶ್ನೆಯನ್ನು ಎತ್ತಿದ್ದರು. 1947ರಲ್ಲಿ ರಾಬರ್ಟ್ ಕಾಪಾ, ಆನ್ರಿ ಕಾರ್ತಿಯೇ ಬ್ರೆಸ್ಸೋ ಮೊದಲಾದವರು ಸೇರಿ ಕಟ್ಟಿದ 'ಮ್ಯಾಗ್ನಂ' ಎಂಬ ಸಹಕಾರಿ ಸಂಸ್ಥೆಯ ಮೂಲ ತತ್ವಗಳಲ್ಲಿ ಒಂದು, ಚಿತ್ರದ ಹಕ್ಕು ತೆಗೆದವನಲ್ಲೇ ಉಳಿಯಬೇಕು ಎಂಬುದು. ಪತ್ರಿಕೆ ಕೊಳ್ಳುವುದು ಬಳಕೆಯನ್ನು ಮಾತ್ರ, ಚಿತ್ರವನ್ನಲ್ಲ ಎಂಬುದು ಅವರ ನಿಲುವಾಗಿತ್ತು.

ಕಾನೂನು ಏನು ಹೇಳುತ್ತದೆ?

ಭಾರತದ ಹಕ್ಕುಸ್ವಾಮ್ಯ ಕಾಯ್ದೆ 1957ರದು. ಸಾಮಾನ್ಯ ನಿಯಮದಂತೆ ಕೃತಿಯ ಮೊದಲ ಒಡೆಯ ಅದರ ಕರ್ತೃ. ಛಾಯಾಚಿತ್ರದ ಮಟ್ಟಿಗೆ ಅದನ್ನು ತೆಗೆದ ವ್ಯಕ್ತಿ. ಆದರೆ ಕಲಂ 17ರ (ಬಿ) ಉಪಕಲಂ ಒಂದು ದೊಡ್ಡ ವಿನಾಯಿತಿಯನ್ನು ಇಟ್ಟಿದೆ. ಯಾರದಾದರೂ ಕೋರಿಕೆಯ ಮೇರೆಗೆ, ಪ್ರತಿಫಲ ಪಡೆದು ತೆಗೆದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಕೋರಿದವನೇ ಮೊದಲ ಒಡೆಯ. ಸರ್ಕಾರಿ ಕೃತಿಗಳ ವಿಷಯದಲ್ಲಿಯೂ ಹೀಗೆಯೇ: ಬೇರೆ ಒಪ್ಪಂದವಿಲ್ಲದಿದ್ದರೆ ಹಕ್ಕು ಸರ್ಕಾರದ್ದು.

"ಬೇರೆ ಒಪ್ಪಂದ ಇಲ್ಲದಿದ್ದರೆ" ಎಂಬ ಮಾತಿನಲ್ಲೇ ಇಡೀ ಪ್ರಶ್ನೆ ಅಡಗಿದೆ. ಬಾಯಿಮಾತಿನಲ್ಲಿ ದಿನದ ದರ ಒಪ್ಪಿಕೊಂಡು ಕ್ಯಾಮೆರಾ ಎತ್ತಿದ ಛಾಯಾಗ್ರಾಹಕ, ತನಗೆ ಅರಿವಿಲ್ಲದೆಯೇ, ಬಳಕೆಯ ಎಲ್ಲ ಹಕ್ಕುಗಳನ್ನೂ ಆ ದಿನದ ಬಾಡಿಗೆಯೊಳಗೆ ಸೇರಿಸಿ ಕೊಟ್ಟಿರುತ್ತಾನೆ. ನಾಳೆ ಆ ಚಿತ್ರವನ್ನು ಗ್ರಾಹಕ ಇನ್ನೊಂದು ಕಂಪನಿಗೆ ಮಾರಿದರೂ ಛಾಯಾಗ್ರಾಹಕ ಹಣ ಕೇಳಲು ಆಧಾರವಿರುವುದಿಲ್ಲ. 2012ರ ತಿದ್ದುಪಡಿಯ ನಂತರ ಛಾಯಾಚಿತ್ರದ ಹಕ್ಕುಸ್ವಾಮ್ಯದ ಅವಧಿ ಕರ್ತೃವಿನ ಜೀವಿತಾವಧಿ ಮತ್ತು ಆ ಮೇಲಿನ 60 ವರ್ಷ. ಒಂದು ದಿನದ ಬಾಡಿಗೆಗೆ ಕೈ ಬದಲಾಯಿಸುವ ಆಸ್ತಿಯ ಆಯುಷ್ಯ ಅಷ್ಟು ದೀರ್ಘವಾದುದು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಛಾಯಾಗ್ರಾಹಕನೊಬ್ಬ ಹೂಮಳೆಯ ನಂತರ ಬೆಳ್ಳಗೆ ಅರಳಿದ ಕಾಫಿ ತೋಟವನ್ನು ತನ್ನ ಆಸಕ್ತಿಯಿಂದಲೇ ಚಿತ್ರಿಸಿದ ಎಂದುಕೊಳ್ಳೋಣ. ಅದರ ಒಡೆಯ ಅವನೇ. ಮುಂದೆ ಅದನ್ನು ರೆಸಾರ್ಟ್ ಒಂದಕ್ಕೆ ಬರಹದ ಮೂಲಕ ವರ್ಗಾಯಿಸಿದರೆ, ಅವಧಿ ನಮೂದಿಸದಿದ್ದಲ್ಲಿ 5 ವರ್ಷ ಎಂದೂ, ಪ್ರದೇಶ ನಮೂದಿಸದಿದ್ದಲ್ಲಿ ಭಾರತಕ್ಕೆ ಸೀಮಿತ ಎಂದೂ ಕಲಂ 19 ಭಾವಿಸುತ್ತದೆ. ಅದೇ ತೋಟವನ್ನು ಅದೇ ರೆಸಾರ್ಟ್ ಹಣ ಕೊಟ್ಟು, ಹೇಳಿ ತೆಗೆಸಿದ್ದರೆ ಈ ರಕ್ಷಣೆ ಯಾವುದೂ ಇಲ್ಲ. ಒಡೆತನ ಮೊದಲ ಕ್ಷಣದಿಂದಲೇ ರೆಸಾರ್ಟಿನದು. ಚಿತ್ರ ಒಂದೇ, ಬೆಳಕು ಒಂದೇ, ಹಕ್ಕು ಮಾತ್ರ ಬೇರೆ ಬೇರೆ. ಛಾಯಾಗ್ರಾಹಕನಿಗೆ ಆಗಲೂ ಉಳಿಯುವುದು ಕಲಂ 57ರ ವಿಶೇಷ ಹಕ್ಕು: ಕೃತಿ ತನ್ನದೆಂದು ಹೇಳಿಕೊಳ್ಳುವುದು, ತನ್ನ ಗೌರವಕ್ಕೆ ಕುಂದು ತರುವ ವಿರೂಪವನ್ನು ವಿರೋಧಿಸುವುದು.

ಗಮನಾರ್ಹ ಸಂಗತಿಯೆಂದರೆ, ಈ ನಿಯಮದ ಬೇರು ಬ್ರಿಟಿಷ್ ಕಾನೂನಿನಲ್ಲಿದೆ. ಸ್ಟುಡಿಯೋಗೆ ಹೋಗಿ ಕುಟುಂಬದ ಭಾವಚಿತ್ರ ತೆಗೆಸುವ ಕಾಲದಲ್ಲಿ, ಮನೆಯವರ ಚಿತ್ರ ಮನೆಯವರದ್ದೇ ಆಗಿರಬೇಕೆಂಬುದು ಅರ್ಥವಾಗುವ ಮಾತಾಗಿತ್ತು. ಬ್ರಿಟನ್ 1988ರ ಕಾಯ್ದೆಯಲ್ಲಿ ಈ ನಿಯಮವನ್ನು ಕೈಬಿಟ್ಟು ಒಡೆತನವನ್ನು ಛಾಯಾಗ್ರಾಹಕನಿಗೆ ಕೊಟ್ಟಿತು. ಖಾಸಗಿ ಹಾಗೂ ಕೌಟುಂಬಿಕ ಚಿತ್ರಗಳನ್ನು ತೆಗೆಸಿದವರ ಖಾಸಗಿತನಕ್ಕೆ ಪ್ರತ್ಯೇಕ ರಕ್ಷಣೆ ಒದಗಿಸಿತು. ಕೆನಡಾ 2012ರಲ್ಲಿ ಹಳೆಯ ನಿಯಮವನ್ನು ರದ್ದುಪಡಿಸಿತು. ಭಾರತದಲ್ಲಿ ಅದು ಉಳಿದುಕೊಂಡಿದೆ. ಮದುವೆಯ ಆಲ್ಬಂಗೆ ಒಪ್ಪುವ ಆ ನಿಯಮವೇ ಕಾರ್ಖಾನೆಯ ಜಾಹೀರಾತಿಗೂ ಅನ್ವಯವಾಗುತ್ತಿದೆ.

3,000 ರೂ. ಎಂದರೆ ಎಷ್ಟು?

ಹಕ್ಕಿನ ಮಾತು ಹಾಗಿರಲಿ, ದಿನದ ಬಾಡಿಗೆಯಾದರೂ ಖರ್ಚು ತುಂಬುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಇಲ್ಲಿ ಕೊಟ್ಟಿರುವ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಇಟ್ಟುಕೊಂಡವೇ ಹೊರತು ಮಾರುಕಟ್ಟೆಯ ಸಮೀಕ್ಷೆಯಲ್ಲ. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಹಾಕಿಕೊಂಡು ನೋಡಬಹುದು.

ಎರಡು ಕ್ಯಾಮೆರಾ, ಮೂರು ಮಸೂರ, ದೀಪಗಳು, ಕಂಪ್ಯೂಟರ್ ಸೇರಿ 6 ಲಕ್ಷ ರೂ. ಬಂಡವಾಳ ಎಂದಿಟ್ಟುಕೊಳ್ಳೋಣ. ನಾಲ್ಕು ವರ್ಷಕ್ಕೆ ಅವು ಹಳತಾಗುತ್ತವೆ ಎಂದಾದರೆ ವರ್ಷಕ್ಕೆ 1.5 ಲಕ್ಷ ರೂ. ಸವಕಳಿ. ವಿಮೆ, ರಿಪೇರಿ, ಸಾಫ್ಟ್‌ವೇರ್ ಚಂದಾ, ಕೋಣೆಯ ಬಾಡಿಗೆ, ವಿದ್ಯುತ್, ಫೋನ್, ಓಡಾಟ ಸೇರಿ ಇನ್ನೊಂದು 1.5 ಲಕ್ಷ ರೂ. ಒಟ್ಟು 3 ಲಕ್ಷ ರೂ. ಮನೆ ಖರ್ಚಿಗೆ ತಿಂಗಳಿಗೆ 40 ಸಾವಿರದಂತೆ ವರ್ಷಕ್ಕೆ 4.8 ಲಕ್ಷ ರೂ. ಬೇಕೆಂದರೆ ಮೊತ್ತ 7.8 ಲಕ್ಷ ರೂ. ಆಗುತ್ತದೆ.

ವರ್ಷಕ್ಕೆ 365 ದಿನಗಳಿದ್ದರೂ ಸ್ವತಂತ್ರ ಛಾಯಾಗ್ರಾಹಕನಿಗೆ ಹಣ ಬರುವ ದಿನಗಳು ಕಡಿಮೆ. ಗ್ರಾಹಕರನ್ನು ಕಾಣುವುದು, ಸ್ಥಳ ನೋಡಿ ಬರುವುದು, ಬಾಕಿಗಾಗಿ ಅಲೆಯುವುದು, ಮಲೆನಾಡಿನ ಮಳೆಗಾಲದಲ್ಲಿ ಕೆಲಸವಿಲ್ಲದೆ ಕೂರುವುದು, ಇವೆಲ್ಲ ಬಿಲ್ ಆಗದ ದಿನಗಳು. ಚಿತ್ರೀಕರಣ ಮತ್ತು ನಂತರದ ಸಂಸ್ಕರಣೆ ಸೇರಿ 100 ದಿನಗಳ ಕೆಲಸ ಸಿಕ್ಕಿತೆಂದರೆ ದಿನವೊಂದಕ್ಕೆ 7,800 ರೂ. ಬರಲೇಬೇಕು. ಇದರಲ್ಲಿ ಲಾಭ ಇನ್ನೂ ಸೇರಿಲ್ಲ.

ಅದೇ ವ್ಯಕ್ತಿ ದಿನಕ್ಕೆ 3,000 ರೂ. ಒಪ್ಪಿಕೊಂಡರೆ 100 ದಿನಕ್ಕೆ ಬರುವುದು 3 ಲಕ್ಷ ರೂ. ಅದು ಉಪಕರಣ ಮತ್ತು ಕಚೇರಿಯ ಖರ್ಚಿಗೆ ಸರಿಹೋಗುತ್ತದೆ. ಮನೆಗೆ ತಲುಪುವುದು ಸೊನ್ನೆ. ಸಂಸ್ಕರಣೆಯ ದಿನಗಳಿಗೆ ಗ್ರಾಹಕ ಹಣ ಕೊಡುವುದಿಲ್ಲವೆಂದಾದರೆ ಸ್ಥಿತಿ ಇನ್ನೂ ಶೋಚನೀಯ. ಒಂದು ದಿನದ ಚಿತ್ರೀಕರಣಕ್ಕೆ ಒಂದು ದಿನದ ಸಂಸ್ಕರಣೆ ಬೇಕಾದರೆ 3,000 ರೂ. ದರ ವಾಸ್ತವದಲ್ಲಿ 1,500 ರೂ. ಮಾತ್ರ. ಕ್ಯಾಮೆರಾ ಕೈಯಲ್ಲಿರುವಷ್ಟು ಕಾಲ ಈ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಅದು ಕೆಟ್ಟು ಹೊಸದು ಕೊಳ್ಳಬೇಕಾದಾಗ, ಸಾಲದ ರೂಪದಲ್ಲಿ ಎದುರಾಗುತ್ತದೆ.

ಡ್ರೋನ್ ಬಳಸಿದರೆ ಲೆಕ್ಕ ಮತ್ತೂ ಬೆಳೆಯುತ್ತದೆ. 2021ರ ಡ್ರೋನ್ ನಿಯಮಗಳಂತೆ 250 ಗ್ರಾಂವರೆಗಿನ ನ್ಯಾನೋ ಡ್ರೋನ್‌ಗೆ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. 2 ಕಿಲೋವರೆಗಿನ ಮೈಕ್ರೋ ಡ್ರೋನ್‌ಗೆ ಹವ್ಯಾಸಿ ಬಳಕೆಯಲ್ಲಿ ಮಾತ್ರ ವಿನಾಯಿತಿ. ವಾಣಿಜ್ಯ ಕೆಲಸಕ್ಕೆ ಪ್ರಮಾಣಪತ್ರ ಕಡ್ಡಾಯ. ಕಾರ್ಯನಿರತ ವಿಮಾನ ನಿಲ್ದಾಣದ ಸುತ್ತ 8ರಿಂದ 12 ಕಿ.ಮೀ. ಅಂತರದಲ್ಲಿ 200 ಅಡಿಗಿಂತ ಮೇಲೆ ಹಾರಿಸಲು ಅನುಮತಿ ಬೇಕು. ಅದಕ್ಕಿಂತ ಹತ್ತಿರದಲ್ಲಿ ನಿರ್ಬಂಧ ಇನ್ನೂ ಬಿಗಿ. ಬೂವನಹಳ್ಳಿಯಲ್ಲಿ ವಿಮಾನಗಳ ಹಾರಾಟ ಆರಂಭವಾದರೆ ಸುತ್ತಲ ಊರುಗಳ ಆಕಾಶಕ್ಕೂ ಈ ಅಂತರಗಳು ಅನ್ವಯವಾಗುತ್ತವೆ. ಬೇಲೂರು, ಹಳೇಬೀಡುಗಳಂಥ ಸಂರಕ್ಷಿತ ಸ್ಮಾರಕಗಳಲ್ಲಿ ವಾಣಿಜ್ಯ ಚಿತ್ರೀಕರಣಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಪಡೆಯಬೇಕಾಗುತ್ತದೆ. ಅನುಮತಿಗಾಗಿ ವ್ಯಯವಾಗುವ ಸಮಯವೂ ಕೆಲಸವೇ. ಅದನ್ನು ದರದಲ್ಲಿ ಕಾಣಿಸದಿದ್ದರೆ ಅದು ಛಾಯಾಗ್ರಾಹಕನ ತಲೆಯ ಮೇಲೆ ಬೀಳುತ್ತದೆ.

ದರಪಟ್ಟಿಗೆ ಬದಲು ಒಂದು ಹಾಳೆ

ಹಾಗಾದರೆ ಬೆಲೆ ಹೇಳುವುದು ಹೇಗೆ? ಬೂವನಹಳ್ಳಿಯ ಛಾಯಾಗ್ರಾಹಕನೊಬ್ಬನಿಗೆ ಬಡಾವಣೆಯೊಂದರ ಕೆಲಸ ಬಂದಿದೆ ಎಂದು ಕಲ್ಪಿಸಿಕೊಳ್ಳಬಹುದು. ಒಂದು ದಿನ ಚಿತ್ರೀಕರಣ, ಒಂದು ದಿನ ಸಂಸ್ಕರಣೆ. ದಿನಕ್ಕೆ 7,800 ರೂ. ಮೂಲ ವೆಚ್ಚಕ್ಕೆ ಸ್ವಲ್ಪ ಲಾಭ ಸೇರಿಸಿ 8,500 ರೂ. ಎಂದರೆ ಎರಡು ದಿನಕ್ಕೆ 17,000 ರೂ. ಸಂಭಾವನೆ. ಡ್ರೋನ್ ಮತ್ತು ಅದರ ಪೈಲಟ್‌ಗೆ 5,000 ರೂ., ಸಹಾಯಕ ಮತ್ತು ವಾಹನಕ್ಕೆ 2,000 ರೂ. ಒಟ್ಟು 24,000 ರೂ. ಇದಿಷ್ಟಕ್ಕೆ ಗ್ರಾಹಕನಿಗೆ ಸಿಗುವುದು ಕೈಪಿಡಿ ಮತ್ತು ತನ್ನ ಜಾಲತಾಣದಲ್ಲಿ ಒಂದು ವರ್ಷದ ಬಳಕೆ ಎಂದು ಬರೆಯಬಹುದು. ಹೆದ್ದಾರಿ ಫಲಕಗಳಿಗೂ ಬೇಕೆಂದರೆ ಸಂಭಾವನೆಯ ಅರ್ಧದಷ್ಟು ಹೆಚ್ಚುವರಿ, ಅಂದರೆ ಒಟ್ಟು 32,500 ರೂ. ಸಂಪೂರ್ಣ ಹಕ್ಕು ಬೇಕೆಂದರೆ ಸಂಭಾವನೆಯ ಇನ್ನೊಂದು ಪಾಲು ಸೇರಿ 41,000 ರೂ. ಈ ಪ್ರಮಾಣಗಳು ಕಾನೂನು ಹೇಳಿದವಲ್ಲ, ಮಾತುಕತೆಯಲ್ಲಿ ನಿರ್ಧಾರವಾಗತಕ್ಕವು.

ಈ ವಿಧಾನ ಗ್ರಾಹಕನಿಗೂ ಅನುಕೂಲಕರ. ನಾಲ್ಕು ಕೋಣೆಗಳ ಹೋಂ ಸ್ಟೇ ನಡೆಸುವ ಕುಟುಂಬಕ್ಕೆ 41,000 ರೂ. ಭಾರವಾಗಬಹುದು. ಅವರಿಗೆ ಹೆದ್ದಾರಿ ಫಲಕದ ಅಗತ್ಯವೂ ಇಲ್ಲ, ಡ್ರೋನ್ ಕೂಡ ಬೇಕಿಲ್ಲ. ಚೌಕಾಸಿ ಮಾಡುವುದಾದರೆ ಬಳಕೆಯನ್ನು ಕಡಿಮೆ ಮಾಡಿ ಬೆಲೆ ಇಳಿಸಬಹುದು. ಛಾಯಾಗ್ರಾಹಕನ ದುಡಿಮೆಯ ಬೆಲೆಯನ್ನು ಇಳಿಸಬೇಕಿಲ್ಲ. "ಯಾಕೆ ಇಷ್ಟು?" ಎಂಬ ಪ್ರಶ್ನೆಗೆ ಸಾಲು ಸಾಲಾಗಿ ಉತ್ತರವಿರುವ ಬಿಲ್ಲನ್ನು ಗ್ರಾಹಕ ಒಪ್ಪದಿರಬಹುದು, ಆದರೆ ಅನುಮಾನಿಸಲಾರ.

ಕೃತಕ ಬುದ್ಧಿಮತ್ತೆಯಿಂದ ಕ್ಷಣಾರ್ಧದಲ್ಲಿ ಚಿತ್ರ ಸೃಷ್ಟಿಸಬಹುದಾದ ಈ ಕಾಲದಲ್ಲಿ ಛಾಯಾಗ್ರಾಹಕನಿಗೆ ಇಷ್ಟು ಕೊಡಬೇಕೇ ಎಂಬ ವಾದವೂ ಇದೆ. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಬಡಾವಣೆಯ ಜಾಹೀರಾತಿಗೆ ಸಂಬಂಧಿಸಿದಂತೆ ಒಂದು ಅಂಶವನ್ನು ಮರೆಯಬಾರದು. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಕಲಂ 12ರಂತೆ, ಜಾಹೀರಾತಿನಲ್ಲಿನ ಸುಳ್ಳು ಮಾಹಿತಿಯನ್ನು ನಂಬಿ ಹಣ ಕೊಟ್ಟು ನಷ್ಟಕ್ಕೊಳಗಾದವರಿಗೆ ಪ್ರವರ್ತಕ ಪರಿಹಾರ ಕೊಡಬೇಕಾಗುತ್ತದೆ. ಇಲ್ಲದ ಉದ್ಯಾನವನ್ನು ಯಂತ್ರ ಬಿಡಿಸಬಲ್ಲದು. ಇರುವ ರಸ್ತೆಯನ್ನು ಇರುವಂತೆ ತೋರಿಸಲು ಸ್ಥಳಕ್ಕೆ ಹೋದ ಕ್ಯಾಮೆರಾವೇ ಬೇಕು. ನಿಜ ಚಿತ್ರದ ಬೆಲೆಯಲ್ಲಿ ಈ ವಿಶ್ವಾಸದ ಪಾಲೂ ಇದೆ.

ಬೆಲೆ ಸರಿ, ಹಣ ಯಾವಾಗ?

ನ್ಯಾಯಬೆಲೆ ಕಾಗದದ ಮೇಲೆ ಇದ್ದರೆ ಸಾಲದು, ಸಕಾಲಕ್ಕೆ ಕೈಗೆ ಬರಬೇಕು. ಈ ವಿಷಯದಲ್ಲಿ ಕಾನೂನು ಛಾಯಾಗ್ರಾಹಕನ ಬೆನ್ನಿಗಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಡಿ, ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಒಪ್ಪಿದ ದಿನಾಂಕದೊಳಗೆ ಹಣ ಪಾವತಿಸಬೇಕು; ಆ ಗಡುವು 45 ದಿನ ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ವಿವಾದವನ್ನು ಸೌಲಭ್ಯ ಮಂಡಳಿಯ ಮುಂದೆ ಒಯ್ಯಬಹುದು. ಗಡುವಿನೊಳಗೆ ಪಾವತಿಸದ ಮೊತ್ತವನ್ನು ಗ್ರಾಹಕ ಕಂಪನಿ ಆ ವರ್ಷದ ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸಿಕೊಳ್ಳುವಂತಿಲ್ಲ ಎಂಬ ನಿಯಮ 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಇವುಗಳ ಪ್ರಯೋಜನಕ್ಕೆ 2020ರ ಜುಲೈನಲ್ಲಿ ಆರಂಭವಾದ 'ಉದ್ಯಮ್' ನೋಂದಣಿ ಬೇಕು. ಅದಕ್ಕೆ ಶುಲ್ಕವಿಲ್ಲ.

ತೆರಿಗೆಯ ಲೆಕ್ಕವೂ ತಿಳಿದಿರಬೇಕು. ಛಾಯಾಗ್ರಹಣ ಸೇವೆಗೆ ಜಿಎಸ್‌ಟಿ ದರ ಶೇ. 18. ರಾಜ್ಯದೊಳಗೆ ಸೇವೆ ನೀಡುವವರ ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರಿದರೆ ನೋಂದಣಿ ಕಡ್ಡಾಯ. ನೋಂದಣಿ ಇಲ್ಲದವರು ಬಿಲ್‌ನಲ್ಲಿ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ನೋಂದಣಿ ಇದ್ದವರು "ತೆರಿಗೆ ಪ್ರತ್ಯೇಕ" ಎಂದು ಬರೆಯಲು ಮರೆತರೆ ಆ ಮೊತ್ತ ತಮ್ಮ ಕೈಯಿಂದಲೇ ಹೋಗುತ್ತದೆ.

ಸಂಘಗಳು ಮಾಡಬಹುದಾದುದು

ಛಾಯಾಗ್ರಾಹಕರೆಲ್ಲ ಸೇರಿ ಕನಿಷ್ಠ ದರವೊಂದನ್ನು ಗೊತ್ತುಪಡಿಸಿಬಿಡಲಿ ಎಂಬ ಸಲಹೆ ಸಹಜವಾಗಿಯೇ ಕೇಳಿಬರುತ್ತದೆ. ಅದರಲ್ಲಿ ಅಪಾಯವಿದೆ. 2002ರ ಸ್ಪರ್ಧಾ ಕಾಯ್ದೆಯ ಕಲಂ 3, ಒಂದೇ ವ್ಯಾಪಾರದವರು ಒಗ್ಗೂಡಿ ನೇರವಾಗಿ ಅಥವಾ ಪರೋಕ್ಷವಾಗಿ ಬೆಲೆ ನಿಗದಿ ಮಾಡುವುದನ್ನು ಸ್ಪರ್ಧೆಗೆ ಮಾರಕವೆಂದು ಭಾವಿಸುತ್ತದೆ. ವೃತ್ತಿ ಸಂಘಟನೆಗಳು ಈ ಕಾಯ್ದೆಗೆ ಹೊರತಲ್ಲ. ಡಬ್ಬಿಂಗ್ ಚಿತ್ರಗಳಿಗೆ ಅಡ್ಡಿಪಡಿಸಿದ ಪ್ರಕರಣದಲ್ಲಿ ಸ್ಪರ್ಧಾ ಆಯೋಗ 2015ರಲ್ಲಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ವಿಧಿಸಿತ್ತು. ಅದು ಬೆಲೆಯ ಪ್ರಶ್ನೆಯಾಗಿರಲಿಲ್ಲ, ಆದರೆ ಸಂಘದ ನಿರ್ಣಯವೂ ಆಯೋಗದ ಕಣ್ಣಿಗೆ ಬೀಳುತ್ತದೆ ಎಂಬುದಕ್ಕೆ ನಿದರ್ಶನ.

ದರಪಟ್ಟಿ ಹೊರಡಿಸುವ ಬದಲು ಸಂಘಗಳು ಎರಡು ಕೆಲಸ ಮಾಡಬಹುದು. ಮೊದಲನೆಯದು, ತಮ್ಮ ಖರ್ಚನ್ನು ತಾವೇ ಲೆಕ್ಕ ಹಾಕಿಕೊಳ್ಳುವ ವಿಧಾನವನ್ನು ಸದಸ್ಯರಿಗೆ ಕಲಿಸುವುದು. ಎರಡನೆಯದು, ಸರಳ ಕನ್ನಡದಲ್ಲಿ ಒಂದು ಪುಟದ ಮಾದರಿ ಒಪ್ಪಂದವನ್ನು ಸಿದ್ಧಪಡಿಸಿ ಹಂಚುವುದು. ಎಷ್ಟು ಚಿತ್ರಗಳು, ಎಲ್ಲಿ ಬಳಕೆ, ಎಷ್ಟು ಅವಧಿ, ಹಕ್ಕು ಯಾರದು, ಮುಂಗಡ ಎಷ್ಟು, ಬಾಕಿ ಎಂದು, ಕೆಲಸ ರದ್ದಾದರೆ ಏನು ಎಂಬ ಏಳು ಸಾಲುಗಳು ಸಾಕು. ಅದರ ಕೊನೆಯಲ್ಲಿ ಇಬ್ಬರ ಸಹಿ ಇದ್ದರೆ, ಕಲಂ 17 ಹೇಳುವ "ಬೇರೆ ಒಪ್ಪಂದ" ಅದೇ ಆಗುತ್ತದೆ.

ಕಾಯ್ದೆಗೆ ತಿದ್ದುಪಡಿ ತರುವುದು ಸಂಸತ್ತಿನ ಕೆಲಸ. ವಾಣಿಜ್ಯ ಚಿತ್ರ ಮತ್ತು ಕೌಟುಂಬಿಕ ಚಿತ್ರಗಳನ್ನು ಬ್ರಿಟನ್ ಮಾದರಿಯಲ್ಲಿ ಬೇರೆ ಬೇರೆಯಾಗಿ ನೋಡಬೇಕೆಂಬ ಬೇಡಿಕೆಯಲ್ಲಿ ನ್ಯಾಯವಿದೆ. ಆದರೆ ಅದಕ್ಕಾಗಿ ಕಾಯುತ್ತಾ ಕೂರುವ ಅಗತ್ಯ ಹಾಸನದ ಛಾಯಾಗ್ರಾಹಕರಿಗಿಲ್ಲ. ಬೂವನಹಳ್ಳಿಯಲ್ಲಿ ವಿಮಾನ ಇಳಿಯುವ ದಿನ ಆ ಚಿತ್ರ ತೆಗೆಸಲು ಹತ್ತಾರು ಕಂಪನಿಗಳು ಮುಂದೆ ಬರಬಹುದು. ಅಂದು ಕ್ಯಾಮೆರಾ ಎತ್ತುವ ಮೊದಲು ಆ ಒಂದು ಹಾಳೆಗೆ ಸಹಿ ಬಿದ್ದಿರಬೇಕು.